‘ಮರುಬಿಡುಗಡೆ’ ಎಂದರೆ ಸಾಕೇ? ಬೆಳೆದು ಬಂದ ಆಟಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದದ ವಿಷಯದಲ್ಲಿ ನಿಮ್ಮ ಸಲಹೆ ಬೇಕು. ‘ಡ್ರಾಗನ್ಸ್ ಡಾಗ್ಮಾ’ ಎಂಬ ವಿಡಿಯೊ ಗೇಮ್ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಕೊಂಡೆ. ಸಾಲು ಹೀಗಿದೆ: “2012ರಲ್ಲಿ ಬಂದ ಈ ಆಟ, 2013ರಲ್ಲಿ ‘ಡಾರ್ಕ್ ಅರೈಸನ್’ ಎಂಬ ಹೆಸರಿನೊಂದಿಗೆ ಮರುಬಿಡುಗಡೆಯಾಯಿತು.” ಇದನ್ನು ತಮ್ಮನಿಗೆ ಓದಿ ಹೇಳಿದೆ. ಅವನ ಹತ್ತಿರ ಹಳೆಯ ಆಟ ಇದೆ. “ಹಾಗಾದ್ರೆ ನನ್ನ ಹತ್ರ ಇರೋದೇ ಅಲ್ವಾ? ಇನ್ನೊಂದ್ಸಲ ಯಾಕೆ ತಗೋಬೇಕು?” ಅಂದ.

ಅವನು ಕೇಳಿದ್ದು ಸರಿ. ತಪ್ಪು ನಾನು ಬಳಸಿದ ಪದದ್ದು. ‘ಮರುಬಿಡುಗಡೆ’ ಎಂದಾಗ ನಮಗೆ ನೆನಪಾಗುವುದು ಸಿನಿಮಾ. ಹಳೆಯ ಚಿತ್ರ ಮತ್ತೆ ತೆರೆಗೆ ಬರುತ್ತದೆ. ಬಣ್ಣ, ಸದ್ದು ಸ್ವಲ್ಪ ತಿಳಿಯಾಗಿರಬಹುದು, ಆದರೆ ಚಿತ್ರ ಅದೇ. ‘ಡಾರ್ಕ್ ಅರೈಸನ್’ ಹಾಗಲ್ಲ. ಅದರಲ್ಲಿ ಹಳೆಯ ಆಟ ಪೂರ್ತಿ ಇದೆ, ಜೊತೆಗೆ ಹಿಂದೆ ಇಲ್ಲದ ಒಂದು ದ್ವೀಪವೇ ಇದೆ.

ಮೊದಲು ‘ಮರು’ ಎಂಬುದನ್ನೇ ನೋಡೋಣ. ‘ಮರುಮುದ್ರಣ’ದಲ್ಲಿ ಅದು ‘ಮತ್ತೆ ಅದೇ’ ಎನ್ನುತ್ತದೆ. ‘ಮರುದಿನ’ದಲ್ಲಿ ‘ಮುಂದಿನದು’ ಎನ್ನುತ್ತದೆ. ಮರುದಿನ ಎಂದರೆ ಅದೇ ದಿನ ಮತ್ತೆ ಬರುವುದಲ್ಲವಲ್ಲ. ‘ಮರುಮಾತು’ ಎಂದರೆ ಎದುರುತ್ತರ. ‘ಮರುಹುಟ್ಟು’ ಎಂದರೆ ಜೀವ ಹಳೆಯದು, ಮೈ ಹೊಸದು. ಅಂದರೆ ‘ಮರು’ ಎಂದ ತಕ್ಷಣ ‘ಅದೇ’ ಎಂದೇನೂ ಆಗಬೇಕಿಲ್ಲ. ಆದರೆ ‘ಬಿಡುಗಡೆ’ಯ ಹಿಂದೆ ಬಂದಾಗ ಬೇರೆ ಅರ್ಥಗಳೆಲ್ಲ ಹಿಂದೆ ಸರಿದು, ‘ಅದನ್ನೇ ಮತ್ತೆ ಬಿಟ್ಟರು’ ಎಂಬುದಷ್ಟೇ ಉಳಿಯುತ್ತದೆ. ‘ಮರುಹುಟ್ಟು’ ಎಂಬುದನ್ನು ನಾನು ರೀಮೇಕಿಗೆ ಮೀಸಲಿಡುತ್ತೇನೆ. ಹಳೆಯ ಆಟವನ್ನು ಬುಡದಿಂದ ಹೊಸದಾಗಿ ಕಟ್ಟಿದಾಗ ಅದಕ್ಕಿಂತ ಒಳ್ಳೆಯ ಮಾತು ನನಗೆ ಹೊಳೆಯಲಿಲ್ಲ.

ಪುಸ್ತಕಗಳ ಲೋಕದಲ್ಲಿ ನಮಗೆ ಈ ತೊಡಕು ಇಲ್ಲ. ‘ಮರುಮುದ್ರಣ’ ಬೇರೆ, ‘ಪರಿಷ್ಕೃತ ಆವೃತ್ತಿ’ ಬೇರೆ ಎಂದು ಓದುಗರಿಗೆಲ್ಲ ಗೊತ್ತು. ಕಿಟೆಲ್ ಅವರ ನಿಘಂಟು 1894ರಲ್ಲಿ ಬಂತು. ಎಷ್ಟೋ ವರ್ಷಗಳ ಮೇಲೆ ಮರಿಯಪ್ಪ ಭಟ್ಟರು ಅದನ್ನು ತಿದ್ದಿ, ಹೊಸ ಪದಗಳನ್ನು ಸೇರಿಸಿ ಮದ್ರಾಸ್ ವಿಶ್ವವಿದ್ಯಾಲಯದಿಂದ ಹೊರತಂದರು. ಆ ಸಂಪುಟಗಳನ್ನು ಯಾರೂ ‘ಮರುಮುದ್ರಣ’ ಎನ್ನುವುದಿಲ್ಲ. ಹಾಗಾದರೆ ಆಟಕ್ಕೂ ‘ಪರಿಷ್ಕೃತ ಆವೃತ್ತಿ’ ಎಂದರೆ ಆಯಿತಲ್ಲ ಎನ್ನಬಹುದು. ನಾನೂ ಮೊದಲು ಹಾಗೇ ಬರೆದಿದ್ದೆ. ಆದರೆ ‘ಪರಿಷ್ಕರಣೆ’ಯಲ್ಲಿ ತಿದ್ದುವ ಅರ್ಥ ಜಾಸ್ತಿ, ಬೆಳೆಸುವ ಅರ್ಥ ಕಡಿಮೆ. ಓದಿದವರಿಗೆ “ಹಳೆಯದರಲ್ಲಿ ತಪ್ಪುಗಳಿದ್ದವು, ಸರಿಮಾಡಿದರು” ಎಂದಷ್ಟೇ ಅನ್ನಿಸುತ್ತದೆ. ದ್ವೀಪ ಕಾಣುವುದಿಲ್ಲ.

ದ್ವೀಪದ ಹೆಸರು ‘ಬಿಟರ್‌ಬ್ಲ್ಯಾಕ್ ಐಲ್’. ಆಟ ಶುರುವಾಗುವ ಮೀನುಗಾರರ ಊರಿನ ಹಡಗುಕಟ್ಟೆಯಲ್ಲಿ ರಾತ್ರಿ ಹೊತ್ತು ಓಲ್ರಾ ಎಂಬ ಹೆಂಗಸು ನಿಂತಿರುತ್ತಾಳೆ. ಅವಳ ಜೊತೆ ಮಾತಾಡಿದರೆ ಅಲ್ಲಿಗೆ ಕರೆದೊಯ್ಯುತ್ತಾಳೆ. ಅಲ್ಲಿರುವುದೆಲ್ಲ ಕತ್ತಲೆಯ ಹಾದಿಗಳು, ಹೊಸ ಮೃಗಗಳು, ಹೊಸ ಆಯುಧ, ಹೊಸ ಕವಚ. ಸಿಕ್ಕ ಕೆಲವು ವಸ್ತುಗಳಿಗೆ ಶಾಪ ತಟ್ಟಿರುತ್ತದೆ. ಅದನ್ನು ಬಿಡಿಸಿಕೊಂಡ ಮೇಲೆಯೇ ಒಳಗೇನಿದೆ ಎಂದು ತಿಳಿಯುವುದು. ಲಾಂದ್ರ, ಕುಡುಗೋಲು ಹಿಡಿದ ಸಾವು ಯಾವ ಮೂಲೆಯಲ್ಲಿ ಎದುರಾಗುತ್ತದೋ ಹೇಳಲಾಗದು. ಇಷ್ಟಾದರೂ ಮೂಲ ಕಥೆ ಇದ್ದ ಹಾಗೇ ಇದೆ. ದ್ವೀಪಕ್ಕೆ ಕಾಲಿಡದೆಯೂ ಆಟ ಮುಗಿಸಬಹುದು. ಇದು ಪಕ್ಕದಲ್ಲಿ ಬಂದು ಕೂತ ಸೇರ್ಪಡೆ.

ಅದೇ ಬಿಡುಗಡೆಯಲ್ಲಿ ಇನ್ನೊಂದು ಸಣ್ಣ ವಸ್ತುವೂ ಬಂತು. ಮೂಲ ಆಟದಲ್ಲಿ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಕ್ಷಣದಲ್ಲಿ ಹೋಗಲು ‘ಫೆರಿಸ್ಟೋನ್’ ಎಂಬ ಕಲ್ಲು ಬೇಕಿತ್ತು. ಒಂದು ಸಲ ಬಳಸಿದರೆ ಮುಗಿಯಿತು. ಹಾಗಾಗಿ ಆಟಗಾರರು ಬಹಳ ದೂರವನ್ನು ನಡೆದೇ ದಾಟುತ್ತಿದ್ದರು. ಕತ್ತಲಾಗುವ ಮೊದಲು ಊರು ಸೇರಬೇಕೆಂಬ ಆತಂಕ ಅಲ್ಲಿಂದಲೇ ಹುಟ್ಟುತ್ತಿತ್ತು. ‘ಡಾರ್ಕ್ ಅರೈಸನ್’ನಲ್ಲಿ ಎಷ್ಟು ಬಳಸಿದರೂ ಮುಗಿಯದ ಕಲ್ಲು ಬಂತು. ಆ ಕಲ್ಲು ಬಂದ ಮೇಲೆ ಹಳೆಯ ಜಗತ್ತಿನ ದೂರವೇ ಬದಲಾಯಿತು. ನನ್ನ ಮಟ್ಟಿಗೆ ಇಡೀ ದ್ವೀಪಕ್ಕಿಂತ ಆ ಒಂದು ಕಲ್ಲು ಆಟವನ್ನು ಹೆಚ್ಚು ಬದಲಿಸಿತು. ಸೇರಿಸಿದ್ದು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿ ಸೇರಿತು ಎನ್ನುವುದೇ ಮುಖ್ಯ ಎಂದು ನನಗೆ ಹೊಳೆದದ್ದು ಇಲ್ಲಿ. ನಮ್ಮ ಪದವೂ ಅದನ್ನೇ ಹೇಳಬೇಕು ಅಂತ ನನ್ನ ಆಸೆ.

ಎಲ್ಲಿ ಸೇರಿತು ಎಂದು ಹೇಳುವ ಪದಗಳು ಕನ್ನಡದಲ್ಲಿ ಬೇಕಾದಷ್ಟಿವೆ. ‘ಪುರವಣಿ’ ನನಗೆ ತುಂಬಾ ಇಷ್ಟವಾದದ್ದು. ಪತ್ರಿಕೆಯ ಜೊತೆ ಬರುತ್ತದೆ, ಬೇರೆಯಾಗಿ ಮಡಚಿರುತ್ತದೆ, ಆದರೆ ಪತ್ರಿಕೆ ಬಿಟ್ಟು ಅದಕ್ಕೆ ನೆಲೆಯಿಲ್ಲ. ‘ಡಯಾಬ್ಲೋ 2’ ಆಟಕ್ಕೆ 2001ರಲ್ಲಿ ಬಂದ ‘ಲಾರ್ಡ್ ಆಫ್ ಡಿಸ್ಟ್ರಕ್ಷನ್’ ಸರಿಯಾಗಿ ಇದೇ ಥರದ್ದು. ಎರಡು ಹೊಸ ಪಾತ್ರಗಳನ್ನೂ ಐದನೆಯ ಅಂಕವನ್ನೂ ಅದು ತಂದಿತು. ಆದರೆ 2000ದಲ್ಲಿ ಬಂದ ಮೂಲ ಆಟ ಇಲ್ಲದೆ ಅದನ್ನು ಆಡುವ ಹಾಗಿರಲಿಲ್ಲ. ಮೂಲ ಆಟಕ್ಕೆ ಆಮೇಲೆ ಸೇರಿಸಿ ಕೊಡುವ ಭಾಗಗಳನ್ನು ಇಂಗ್ಲಿಷಿನಲ್ಲಿ ಎಕ್ಸ್‌ಪ್ಯಾನ್ಷನ್, ಡಿಎಲ್‌ಸಿ ಎನ್ನುವ ಕಡೆಯೆಲ್ಲ ನಾನು ‘ಪುರವಣಿ’ ಎಂದು ಧೈರ್ಯವಾಗಿ ಬರೆಯುತ್ತಿದ್ದೇನೆ. ಓದಿದವರು ಯಾರೂ ತಡವರಿಸಲಿಲ್ಲ. ಆದರೆ ಮೂಲ ಆಟ, ಪುರವಣಿ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದಾಗ ಆ ಪೆಟ್ಟಿಗೆಯ ಹೆಸರೇನು? ಅದಕ್ಕೆ ‘ಪುರವಣಿ’ ಎನ್ನಲಾಗದು.

ನಡುನಡುವೆ ಸೇರಿಸುವುದಕ್ಕೆ ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರ ‘ಪ್ರಕ್ಷೇಪ’ ಎಂಬ ಪದ ಇದೆ. ಆಮೇಲಿನವರು ಯಾರೋ ಕಾವ್ಯದೊಳಗೆ ತೂರಿಸಿದ ಪದ್ಯ ಅದು. ಸೇರುವ ಜಾಗಕ್ಕೆ ಪದ ಸರಿಹೊಂದುತ್ತದೆ. ಉದಾಹರಣೆಗೆ ‘ಕಿಂಗ್‌ಡಂ ಹಾರ್ಟ್ಸ್ 2’. ಅದು 2005ರಲ್ಲಿ ಜಪಾನಿನಲ್ಲಿ ಬಂತು, 2007ರಲ್ಲಿ ಅದರ ‘ಫೈನಲ್ ಮಿಕ್ಸ್’ ಬಂತು. ಮೊದಲನೆಯದರಲ್ಲಿ ನಾಯಕ ಸೋರಾ ಮತ್ತು ರಾಕ್ಸಸ್ ನಡುವಿನ ಕಾಳಗವನ್ನು ನಾವು ಸುಮ್ನೆ ನೋಡುತ್ತಾ ಕೂರಬೇಕಿತ್ತು. ಎರಡನೆಯದರಲ್ಲಿ ಅದೇ ಜಾಗದಲ್ಲಿ ನಾವೇ ಕಾದಾಡಬೇಕು. ಕಥೆ ಒಂದಿಷ್ಟೂ ಕದಲಿಲ್ಲ, ನೋಡುಗ ಆಟಗಾರನಾದ. ಇಂಥ ಸೊಗಸಾದ ಕೆಲಸವನ್ನು ‘ಪ್ರಕ್ಷೇಪ’ ಎನ್ನಲು ಮನಸ್ಸು ಬರುವುದಿಲ್ಲ. ಅದು ಬೇರೆಯವರ ಕೈವಾಡ, ಕಿತ್ತು ಹಾಕಬೇಕಾದದ್ದು ಎಂಬ ಭಾವ ಆ ಪದಕ್ಕೆ ಅಂಟಿಕೊಂಡಿದೆ. ಇಲ್ಲಿ ಸೇರಿಸಿದವರು ಮೂಲ ಆಟ ಮಾಡಿದವರೇ.

‘ಅನುಬಂಧ’ ಕೊನೆಗೆ ಅಂಟಿಸಿದ್ದು. ‘ಬಾಲಂಗೋಚಿ’ಯೂ ಕೊನೆಯಲ್ಲೇ, ಆದರೆ ಅದು ಈಗ ಬಯ್ಗುಳವಾಗಿಬಿಟ್ಟಿದೆ. ಗಾಳಿಪಟ ನೆಟ್ಟಗೆ ಹಾರುವುದೇ ಅದರಿಂದ ಎಂಬುದನ್ನು ನಾವು ಮರೆತಿದ್ದೇವೆ.

ಪ್ಯಾಚ್, ಅಂದರೆ ಬಿಡುಗಡೆಯಾದ ಆಟಕ್ಕೆ ಆಮೇಲೆ ಕಳಿಸುವ ಸಣ್ಣ ಬದಲಾವಣೆ. ಅದರ ವಿಷಯದಲ್ಲಿ ನನ್ನ ಮನಸ್ಸು ಎರಡು ಸಲ ಬದಲಾಯಿತು. ಪ್ಯಾಚ್ ಎಂದರೆ ತೇಪೆ, ಇದಕ್ಕಿಂತ ನೇರವಾದ ಪದ ಬೇರೆ ಬೇಕೇ ಎಂದುಕೊಂಡಿದ್ದೆ. ಹರಿದ ಕಡೆ ಹಚ್ಚುವುದು ತೇಪೆ. ಆಗ ‘ಡಾರ್ಕ್ ಸೋಲ್ಸ್ 2’ ನೆನಪಾಯಿತು. 2014ರ ಆ ಆಟ 2015ರಲ್ಲಿ ‘ಸ್ಕಾಲರ್ ಆಫ್ ದ ಫಸ್ಟ್ ಸಿನ್’ ಎಂಬ ಹೆಸರಿನೊಂದಿಗೆ ಮತ್ತೆ ಬಂತು. ಮೂರು ಪುರವಣಿಗಳು ಅದರೊಳಗೇ ಇದ್ದವು. ಆಲ್ಡಿಯಾ ಎಂಬ ಹೊಸ ಪಾತ್ರವೂ ಬಂತು. ಈ ಪಾತ್ರವನ್ನು ಹಳೆಯ ಆಟ ಇದ್ದವರಿಗೆ ಪ್ಯಾಚ್ ಮೂಲಕ ಪುಕ್ಕಟೆ ಕೊಟ್ಟರು. ಹರಿದಿರದ ಬಟ್ಟೆಗೆ ಹೊಸ ಕಸೂತಿ ಹಾಕಿಕೊಟ್ಟ ಹಾಗೆ. ಅದನ್ನು ತೇಪೆ ಎನ್ನಲು ನಾಲಿಗೆ ಹೊರಳಲಿಲ್ಲ. ಈಗ ದೋಷ ಸರಿಪಡಿಸಿದ್ದಕ್ಕೆ ಮಾತ್ರ ‘ತೇಪೆ’, ಉಳಿದದ್ದಕ್ಕೆ ‘ಪ್ಯಾಚ್’ ಎಂದೇ ಬರೆಯುತ್ತೇನೆ.

ಇದೇ ಆಟ ನನ್ನ ಮುಖ್ಯ ಪದದ ಹುಡುಕಾಟವನ್ನೂ ಅಲುಗಾಡಿಸಿತು. ಆಟ ಆಡುವ ಹೊಸ ಯಂತ್ರಗಳಿಗೆ ಬಂದ ರೂಪದಲ್ಲಿ ಶತ್ರುಗಳು ನಿಲ್ಲುವ ಜಾಗಗಳನ್ನೇ ಬದಲಿಸಿದ್ದರು. ಹೈಡಿ ಗೋಪುರದ ದಾರಿಯಲ್ಲಿ ಹಿಂದೆ ಇಲ್ಲದ ಡ್ರ್ಯಾಗನ್ ಒಂದು ಕಾವಲು ಕೂತಿತ್ತು. ಹಳೆಯ ಆಟವನ್ನು ಬಾಯಿಪಾಠ ಮಾಡಿಕೊಂಡವರೂ ಮತ್ತೆ ಹೆದರಿ ಹೆಜ್ಜೆ ಇಡಬೇಕಾಯಿತು. ಇಲ್ಲಿ ಸೇರ್ಪಡೆ ಪಕ್ಕದಲ್ಲೂ ಇಲ್ಲ, ಕೊನೆಯಲ್ಲೂ ಇಲ್ಲ. ಮೈ ತುಂಬಾ ಹರಡಿಕೊಂಡಿದೆ.

ಇನ್ನು ‘ವಿಸ್ತೃತ’. ಅಚ್ಚುಕಟ್ಟಾದ ಪದವೇ, ಆದರೆ ನನ್ನ ಬರಹ ಓದುವ ಹುಡುಗರಿಗೆ ದೂರ. ಅದನ್ನು ತಿಳಿಗನ್ನಡಕ್ಕೆ ತರಲು ‘ಹಿಗ್ಗಿಸಿದ ಆವೃತ್ತಿ’ ಎಂದು ಬರೆದು ನೋಡಿದೆ. ‘ಹಿಗ್ಗು’ ಪದಕ್ಕೆ ಸಂತೋಷದ ಅರ್ಥವೂ ಇರುವುದರಿಂದ ಖುಷಿಯಾಯಿತು. ಆದರೆ ಹಿಗ್ಗಿಸುವುದು ಎಂದರೆ ಇದ್ದದ್ದನ್ನೇ ಎಳೆಯುವುದು. ಹಿಗ್ಗಿದ ರಬ್ಬರ್ ತೆಳ್ಳಗಾಗುತ್ತದೆ, ಹೊಸದೇನೂ ಬಂದು ಸೇರುವುದಿಲ್ಲ. ‘ಹೆಚ್ಚುವರಿ’ ಎಂದರೆ ಬೇಕಾದ್ದಕ್ಕಿಂತ ಮೇಲಿನದು, ಇಲ್ಲದಿದ್ದರೂ ನಡೆಯುತ್ತದೆ ಎಂಬ ಭಾವ. ‘ಕೊಸರು’ ಎನ್ನೋಣವೇ ಎಂದೂ ಯೋಚಿಸಿದೆ. ಕೊಂಡದ್ದರ ಮೇಲೆ ಕೈಯೆತ್ತಿ ಹಾಕುವ ಚೂರು ಅದು. ಕವಚ, ಬಣ್ಣ, ಹಾಡುಗಳ ಸಣ್ಣ ಗಂಟು ಕೊಡುತ್ತಾರಲ್ಲ, ಅದಕ್ಕೆ ‘ಕೊಸರು’ ಬಹಳ ಚೆನ್ನಾಗಿ ಒಪ್ಪುತ್ತದೆ. ದ್ವೀಪಕ್ಕೆ ಒಪ್ಪುವುದಿಲ್ಲ.

ಕೊನೆಗೆ ನಿಂತದ್ದು ‘ಬೆಳೆಸಿದ ಆವೃತ್ತಿ’ಯಲ್ಲಿ. ಗಿಡ ಬೆಳೆಯುವುದು ತುದಿಯಲ್ಲಿ ಮಾತ್ರ ಅಲ್ಲ. ಪಕ್ಕದಲ್ಲಿ ಕೊಂಬೆ ಒಡೆಯುತ್ತದೆ, ಕಾಂಡ ದಪ್ಪವಾಗುತ್ತದೆ, ಹಳೆಯ ಎಲೆ ಉದುರುತ್ತದೆ. ಉದುರುವುದೂ ಮುಖ್ಯ, ಯಾಕೆಂದರೆ ಇಂಥ ಬಿಡುಗಡೆಗಳಲ್ಲಿ ಕಳೆದುಹೋಗುವುದೂ ಇರುತ್ತದೆ. ‘ಡ್ರಾಗನ್ಸ್ ಡಾಗ್ಮಾ’ದ ಮೊದಲ ಪರದೆಯಲ್ಲಿ ಜಪಾನಿನ ಬೀಜ್ ತಂಡದ ಅಬ್ಬರದ ರಾಕ್ ಹಾಡೊಂದು ಇತ್ತು. ‘ಡಾರ್ಕ್ ಅರೈಸನ್’ನಲ್ಲಿ ಅದು ಇಲ್ಲ. ಆ ಹಾಡು ಕೇಳುತ್ತಲೇ ಆಟಕ್ಕೆ ಕೂತವನು ನಾನು. ಈಗಲೂ ಅದರ ಜಾಗ ಖಾಲಿ ಅನ್ನಿಸುತ್ತದೆ.

‘ಆವೃತ್ತಿ’ ಬಗ್ಗೆಯೂ ಒಂದು ಮಾತು. ಅದರ ಮೂಲದಲ್ಲೇ ‘ತಿರುಗಿ ಬರುವುದು’ ಎಂಬ ಅರ್ಥ ಇದೆ. ‘ಆವರ್ತ’, ‘ಆವರ್ತನ’ ಅದರ ಒಡಹುಟ್ಟುಗಳು. ಹಾಗಾಗಿ ‘ಮರು ಆವೃತ್ತಿ’ ಎಂದರೆ ಎರಡು ಸಲ ‘ಮತ್ತೆ’ ಎಂದ ಹಾಗೆ. 2010ರ ‘ನಿಯರ್’ ಆಟ 2021ರಲ್ಲಿ ಹೊಸ ಅಧ್ಯಾಯ, ಹೊಸ ಮುಕ್ತಾಯದ ಜೊತೆ ಬಂದಾಗ, ಹೆಸರಿನಲ್ಲೇ 1.22474487139 ಎಂಬ ಆವೃತ್ತಿ ಸಂಖ್ಯೆ ಇತ್ತು. ಅದು 1.5ರ ವರ್ಗಮೂಲ. ಒಂದೂ ಅಲ್ಲ, ಎರಡೂ ಅಲ್ಲ, ನಡುವೆ ಎಲ್ಲೋ ಇರುವ ಆಟ ಎಂದು ಒಂದು ಸಂಖ್ಯೆಯಲ್ಲಿ ಹೇಳಿದ್ದು ನನಗೆ ಬಹಳ ಹಿಡಿಸಿತು.

ಈಗ ನನ್ನ ಸಾಲು ಹೀಗಿದೆ: “2012ರಲ್ಲಿ ಬಂದ ಈ ಆಟದ ಬೆಳೆಸಿದ ಆವೃತ್ತಿ, ‘ಡಾರ್ಕ್ ಅರೈಸನ್’, 2013ರಲ್ಲಿ ಬಂತು.” ತಮ್ಮನಿಗೆ ಮತ್ತೆ ಓದಿದೆ. “ಏನು ಬೆಳೆಸಿದ್ದಾರೆ?” ಎಂದು ಕೇಳಿದ. ನನಗೆ ಬೇಕಿದ್ದ ಪ್ರಶ್ನೆ ಅದೇ.

ಆದರೂ ಎರಡು ಅನುಮಾನ ಉಳಿದಿವೆ. ‘ಮಾತು ಬೆಳೆಸಬೇಡ’, ‘ಜಗಳ ಬೆಳೆಸಬೇಡ’ ಎನ್ನುವಾಗ ‘ಬೆಳೆಸು’ ಎಂಬುದಕ್ಕೆ ಬೇಡದ್ದನ್ನು ಉದ್ದ ಮಾಡುವ ಅರ್ಥ ಬರುತ್ತದೆ. ಆ ನೆರಳು ಇಲ್ಲಿಯೂ ಬೀಳುತ್ತದೆಯೇ? ಹಾಗಾಗಿ ‘ಬೆಳೆದ ಆವೃತ್ತಿ’ ಎಂದರೆ ಹೇಗೆ? ಅದು ಕಿವಿಗೆ ಹಿತ, ಆದರೆ ತಾನಾಗಿಯೇ ಬೆಳೆಯಿತು ಎಂಬಂತಾಗಿ, ಮಾಡಿದವರ ಶ್ರಮ ಮರೆಯಾಗುತ್ತದೆ ಎಂಬ ಅಳುಕು ನನಗೆ. ಎರಡನೆಯದು, ಪುರವಣಿಗಳನ್ನೆಲ್ಲ ಒಂದೇ ಪೆಟ್ಟಿಗೆಗೆ ಹಾಕಿ, ಒಳಗೆ ಏನೂ ಬದಲಿಸದೆ ಮಾರುತ್ತಾರಲ್ಲ, ಅದನ್ನು ‘ಬೆಳೆಸಿದ’ ಎನ್ನುವುದು ಸರಿಯಲ್ಲ. ಅದಕ್ಕೆ ‘ಇಡಿಗಂಟು’ ಎಂದು ಬರೆಯೋಣ ಎಂದುಕೊಂಡರೆ, ಅದು ಈಗಾಗಲೇ ಒಟ್ಟಿಗೆ ಕೊಡುವ ಹಣಕ್ಕೆ ಮೀಸಲಾಗಿದೆ. ‘ಕೂಡಿಸಿದ ಆವೃತ್ತಿ’ ಎಂದರೆ ಲೆಕ್ಕದ ಪುಸ್ತಕದ ವಾಸನೆ ಬರುತ್ತದೆಯೇ? ಈ ಆಟಗಳನ್ನು ಆಡದವರ ಕಿವಿಗೆ ಈ ಪದಗಳು ಹೇಗೆ ಕೇಳುತ್ತವೆ ಎಂದು ತಿಳಿಯುವುದು ನನಗೆ ಇನ್ನೂ ಮುಖ್ಯ. ದಯವಿಟ್ಟು ನಿಮ್ಮ ಅಭಿಪ್ರಾಯ ಬರೆಯಿರಿ.