‘ಏಜಿಂಗ್ ಔಟ್’ ಅನ್ನುವುದಕ್ಕೆ ಏನಂತೀರಿ?

ಗೆಳೆಯರೇ,

ಅಮೆರಿಕದ ಮಿಡ್‌ವೆಸ್ಟ್ ಸ್ಟಡಿ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹೆತ್ತವರ ಬಳಿ ಇರಲಾಗದೆ, ಸರ್ಕಾರದ ಹೊಣೆಯಲ್ಲಿ ಬೇರೆಯವರ ಮನೆಯಲ್ಲೋ ಮಕ್ಕಳ ವಸತಿಯಲ್ಲೋ ಬೆಳೆದವರು ಮುಂದೆ ಏನಾದರು ಅಂತ ನೋಡಿದ ಅಧ್ಯಯನ ಅದು. ಷಿಕಾಗೊ ವಿಶ್ವವಿದ್ಯಾಲಯದ ಚೇಪಿನ್ ಹಾಲ್ ಅನ್ನುವ ಸಂಶೋಧನಾ ಕೇಂದ್ರದಲ್ಲಿ ಮಾರ್ಕ್ ಕೋರ್ಟ್ನಿ ಅನ್ನುವ ಸಂಶೋಧಕರು ನಡೆಸಿದ್ದು. ಇಲಿನಾಯ್, ವಿಸ್ಕಾನ್ಸಿನ್, ಅಯೋವಾದ 732 ಮಂದಿಯನ್ನು 17–18ರ ವಯಸ್ಸಿನಲ್ಲಿ ಮೊದಲು ಮಾತಾಡಿಸಿದರು. ಆಮೇಲೆ ಅವರಿಗೆ 26 ಆಗುವವರೆಗೂ ಬಿಡದೆ ವಿಚಾರಿಸುತ್ತಾ ಬಂದರು.

ನಾನು ಸಿಕ್ಕಿಕೊಂಡಿರುವುದು ‘ಏಜಿಂಗ್ ಔಟ್’ ಅನ್ನುವ ಮಾತಿನಲ್ಲಿ. ವಯಸ್ಸಿನ ಗಡಿ ಮುಟ್ಟಿತು, ಇನ್ನು ಸರ್ಕಾರದ ಪಾಲನೆ ಇಲ್ಲ ಅಂತ ಅರ್ಥ. ‘ವಯಸ್ಸು ಮೀರಿದವರು’ ಅಂದರೆ ಕೆಲಸದ ಅರ್ಜಿ ತಿರಸ್ಕಾರ ಆದ ಹಾಗಿದೆ. ‘ವಯಸ್ಸಿಗೆ ಬಂದವರು’ ಅಂದರೆ ಮದುವೆ ಮಾತು ಶುರುವಾಗುತ್ತದೆ! ‘ಬಿಡುಗಡೆ’ಗೆ ಜೈಲಿನ ವಾಸನೆ. ‘ಎಮ್ಯಾನ್ಸಿಪೇಶನ್’ ಅಂತಲೂ ಅಲ್ಲಿ ಹೇಳುವುದುಂಟು. ಅದನ್ನು ‘ವಿಮೋಚನೆ’ ಮಾಡಿದರೆ, ಪಾಪ, ಸಾಕಿದವರೇ ಶತ್ರುಗಳಾಗುತ್ತಾರೆ.

‘ಪಾಲನೆ ಬಿಟ್ಟವರು’ ಚಿಕ್ಕದಾಗಿದೆ, ಚೆನ್ನಾಗಿಯೂ ಇದೆ. ಆದರೆ ‘ಮನೆ ಬಿಟ್ಟ ಹುಡುಗ’ ಅಂದಾಗ ಅವನೇ ಎದ್ದು ಹೋದ ಅಂತ ತಾನೇ ಕೇಳಿಸುವುದು? ಇಲ್ಲಿ ಅದು ಸಣ್ಣ ವಿಷಯವಲ್ಲ. ಆ ಕಾಲಕ್ಕೆ ವಿಸ್ಕಾನ್ಸಿನ್, ಅಯೋವಾದಲ್ಲಿ ಬಹುಪಾಲು ಮಂದಿಗೆ 18ರ ಹೊತ್ತಿಗೇ ಪಾಲನೆ ಮುಗಿಯುತ್ತಿತ್ತು. ಇಲಿನಾಯ್‌ನಲ್ಲಿ 21ರವರೆಗೂ ಇರಬಹುದಿತ್ತು, ಜಾಸ್ತಿ ಜನ ಇದ್ದರು ಕೂಡ. ಅಂದರೆ ಹೊರಗೆ ಕಳಿಸಿದ್ದು ಕಾನೂನು, ಅವರ ಮನಸ್ಸಲ್ಲ. ‘ಬಿಟ್ಟವರು’ ಅಂತ ಬರೆದರೆ ಅದೇ ಮುಚ್ಚಿಹೋಗುತ್ತದೆ. 2008ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ, 21ರವರೆಗೆ ಪಾಲನೆ ಮುಂದುವರಿಸುವ ರಾಜ್ಯಗಳಿಗೆ ಹಣ ಕೊಡುವ ಕಾನೂನು ಮಾಡಿತು. ನನ್ನ ಈ ಪದದ ಜಗಳದ ಬುಡ ಇರುವುದೇ ಅಲ್ಲಿ, ಹೊರಗೆ ಕಳಿಸುವ ವಯಸ್ಸನ್ನು ಕಾನೂನು ಗೊತ್ತುಮಾಡುವುದರಲ್ಲಿ.

ಹಾಗಾಗಿ ‘ಪಾಲನೆ ಮುಗಿದವರು’ ಅಂತ ಬರೆದುಕೊಂಡೆ. ಯಾರು ಮುಗಿಸಿದರು ಅನ್ನುವ ತಂಟೆ ಇಲ್ಲ, ಅಲ್ವಾ? ಆದರೆ ಕ್ಯಾಲಿಫೋರ್ನಿಯಾದ ಈಚಿನ ನಿಯಮದಲ್ಲಿ 18ರ ನಂತರ ಹೊರಹೋದವರು 21 ತುಂಬುವ ಮೊದಲು ಮತ್ತೆ ಬಂದು ಸೇರಬಹುದು. ಮುಗಿದದ್ದು ಮತ್ತೆ ಶುರುವಾಗುವುದು ಹೇಗೆ? ಎಲ್ಲರಿಗೂ ಸೇರಿಸಿ ‘ಪಾಲನೆಯಿಂದ ಹೊರಬಂದವರು’, ವಯಸ್ಸಿನ ಗಡಿಯಿಂದಲೇ ಹೊರಬಿದ್ದವರಿಗೆ ಮಾತ್ರ ‘ಪಾಲನೆ ಮುಗಿದವರು’. ಸದ್ಯಕ್ಕೆ ಹೀಗೆ ಇಟ್ಟುಕೊಂಡಿದ್ದೇನೆ. ‘ದತ್ತು’ ಅಂತೂ ಎಲ್ಲೂ ಸುಳಿಯಬಾರದು, ಅದು ಬೇರೆಯೇ ಸಂಬಂಧ.

ಇನ್ನೆರಡು ಚಿಲ್ಲರೆ ತೊಡಕು. ಅದೇ ಜನರನ್ನು ಮತ್ತೆ ಮತ್ತೆ ಸಂದರ್ಶಿಸುವಾಗ ಒಂದೊಂದು ಸಲಕ್ಕೂ ‘ವೇವ್’ ಅನ್ನುತ್ತಾರೆ. ಅದಕ್ಕೆ ‘ಅಲೆ’ ಬೇಡ, ‘ಸುತ್ತು’ ಸಾಕು. ಕೊನೆಯ ಸುತ್ತಿಗೆ ಸಿಕ್ಕವರು 596 ಮಂದಿ. ಉಳಿದವರನ್ನು ‘ಕೈತಪ್ಪಿದವರು’ ಅಂದರೆ ಕೆಟ್ಟುಹೋದವರು ಅನ್ನುವ ಹಾಗೆ ಕೇಳುತ್ತದೆ. ಸುಮ್ನೆ ‘ಸಂದರ್ಶನಕ್ಕೆ ಸಿಗದವರು’ ಅಂದಿದ್ದೇನೆ.

‘ಕೌಚ್ ಸರ್ಫಿಂಗ್’ ಮಾತ್ರ ಇನ್ನೂ ಬಗೆಹರಿದಿಲ್ಲ. ಸ್ವಂತ ನೆಲೆಯಿಲ್ಲದೆ ಇವತ್ತು ಇವರ ಮನೆ, ನಾಳೆ ಅವರ ಮನೆ ಅಂತ ದಿನ ತಳ್ಳುವುದು. ವಾಕ್ಯದಲ್ಲಿ ಹೀಗೆ ಬಿಡಿಸಿ ಹೇಳಬಹುದು. ಆದರೆ ಕೋಷ್ಟಕದ ತಲೆಬರಹಕ್ಕೆ ಇಷ್ಟುದ್ದ ಹಿಡಿಸುವುದಿಲ್ಲ. ‘ಅವರಿವರ ಮನೆ ವಾಸ’ ನಡೆದೀತೇ? ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ತಿಳಿಸಿ.