ಡರ್ಟ್ ಬೈಕ್ ಮಾರಿದ್ದು ಯಾಕೆ ಅಂತ ಕೇಳಿದೆಯಲ್ಲ ಪುಟ್ಟ

ಪುಟ್ಟ, ನಿನ್ನ ಮೆಸೇಜ್ ನಿನ್ನೆ ರಾತ್ರಿಯೇ ನೋಡಿದೆ. "ಮಾವ, ಡರ್ಟ್ ಬೈಕ್ ಮಾರಿ ಬ್ಯಾಟರಿ ಸೈಕಲ್ ತಗೊಂಡ್ರಂತೆ, ನಿಜಾನಾ? ನಾನೂ ಎಕ್ಸ್‌ಪಲ್ಸ್ ಬೈಕ್ ಕೊಟ್ಟು ಅದನ್ನೇ ತಗೊಳ್ಳಲಾ?" ಅಂತ ಕೇಳಿದ್ದೀಯ. ಅದರ ಕೆಳಗೆ ಅಕ್ಕ "ಇವನಿಗೆ ನೀನೇ ಒಂದು ಮಾತು ಹೇಳು" ಅಂತ ಹಾಕಿದ್ದಾಳೆ. ಎರಡು ಸಾಲಿನಲ್ಲಿ ಮುಗಿಯುವ ವಿಷಯ ಅಲ್ಲ. ವಾಯ್ಸ್ ಮೆಸೇಜ್ ಕಳಿಸೋಣ ಅಂದುಕೊಂಡೆ. ಭಾವನವರಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ ಅಲ್ವಾ, ಅದಕ್ಕೆ ಮಾತಾಡಿದ ಹಾಗೇ ಬರೆಯುತ್ತಿದ್ದೇನೆ.

ಹೌದು, ಮಾರಿದೆ. ಏಳು ವರ್ಷ ನನ್ನ ಜೊತೆ ಇದ್ದ ಯಮಹಾ ಡಬ್ಲ್ಯೂಆರ್ 250 ಎಫ್, ಮಣ್ಣು ದಾರಿಯಲ್ಲಿ ಓಡಿಸಲು ಅಂತಲೇ ಮಾಡಿದ ಮೋಟಾರ್ ಬೈಕ್. ತಗೊಂಡು ಹೋದವನು ಪಿಕಪ್‌ಗೆ ಹತ್ತಿಸಿ ಬೆಲ್ಟ್ ಬಿಗಿಯುವಾಗ ನಾನು ಮನೆ ಒಳಗೆ ಹೋಗಿಬಿಟ್ಟೆ. ನೋಡಲು ಆಗಲಿಲ್ಲ.

ಕಾರಣ ಹೇಳಬೇಕು ಅಂದರೆ ಒಂದು ಸಂಗತಿ ಹೇಳಲೇಬೇಕು. ಅಕ್ಕ, ಇದನ್ನು ಆಗ ನಿನಗೆ ಹೇಳಿರಲಿಲ್ಲ, ಬೈಯಬೇಡ. ಇಲ್ಲಿ ಕ್ಯಾಲಿಫೋರ್ನಿಯಾದ ನಮ್ಮ ಫೋಲ್ಸಮ್ ಊರಿನಿಂದ ಒಂದು ಗಂಟೆಯ ಮೇಲೆ ಹೋದರೆ ಫಾರೆಸ್ಟ್‌ಹಿಲ್ ಅಂತ ಊರು. ಅದರ ಆಚೆ ಟಾಹೋ ರಾಷ್ಟ್ರೀಯ ಅರಣ್ಯದಲ್ಲಿ ಡರ್ಟ್ ಬೈಕ್‌ಗೆ ಅಂತಲೇ ದಾರಿಗಳಿವೆ. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಮಣ್ಣು ನಮ್ಮ ಕಡೆಯ ಹಾಗೇ ಕೆಂಪು. ಒಂದು ಶನಿವಾರ ಒಂದು ಹಳ್ಳದ ಪಕ್ಕ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. ವೇಗ ಏನೂ ಇರಲಿಲ್ಲ, ನಡೆದುಕೊಂಡು ಹೋಗುವಷ್ಟು. ಗಾಡಿ ನನ್ನ ಎಡಗಾಲಿನ ಮೇಲೆ ಬಿತ್ತು. 115 ಕೆಜಿ. ಇಳಿಜಾರಿನಲ್ಲಿ ನಾನು ಕೆಳಗೆ, ಗಾಡಿ ಮೇಲೆ. ಎತ್ತಲು ಆಗುತ್ತಿಲ್ಲ, ಕಾಲು ಎಳೆಯಲು ಆಗುತ್ತಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಪೆಟ್ರೋಲ್ ವಾಸನೆ ಬೇರೆ. ಜೊತೆಗೆ ಬಂದವರು ಮುಂದೆ ಹೋಗಿದ್ದರು. ನಾನಿಲ್ಲ ಅಂತ ಗೊತ್ತಾಗಿ ವಾಪಸ್ ಬರುವಷ್ಟರಲ್ಲಿ ನಲವತ್ತು ನಿಮಿಷ. ಬೂಟು ದಪ್ಪ ಇದ್ದಿದ್ದರಿಂದ ಮೂಳೆ ಉಳಿಯಿತು, ಪಾದದ ಗಂಟು ಊದಿ ಮೂರು ವಾರ ಕುಂಟಿದೆ. "ಮೆಟ್ಟಿಲಿನಲ್ಲಿ ಉಳುಕಿತು" ಅಂತ ನಿಮಗೆಲ್ಲ ಹೇಳಿದ್ದು ಅದೇ.

ಆ ನಲವತ್ತು ನಿಮಿಷ ಮಲಗಿದ್ದಾಗ ಒಂದೇ ಯೋಚನೆ. ನನಗೆ ಈ ಆಟದಲ್ಲಿ ನಿಜವಾಗಿ ಇಷ್ಟ ಆಗುವುದು ಏನು? ವೇಗ ಅಲ್ಲ. ಜಿಗಿಯುವುದೂ ಅಲ್ಲ. ನಮ್ಮ ಮನೆ ಹತ್ತಿರವೇ ಪ್ರೇರಿ ಸಿಟಿ ಅನ್ನುವ ಸರ್ಕಾರಿ ಡರ್ಟ್ ಬೈಕ್ ಮೈದಾನ ಇದೆ. 1969ರಲ್ಲಿ ಶುರುವಾದ ಹ್ಯಾಂಗ್‌ಟೌನ್ ಮೋಟೋಕ್ರಾಸ್, ಅಂದರೆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸ್, ಈಗ ಅಲ್ಲೇ ನಡೆಯುತ್ತದೆ. ಅಲ್ಲಿ ಹುಡುಗರು ಆಕಾಶಕ್ಕೆ ಹಾರುವುದನ್ನು ನೋಡುತ್ತೇನೆ, ಖುಷಿ ಆಗುತ್ತದೆ, ನನಗೆ ಬೇಕು ಅಂತ ಯಾವತ್ತೂ ಅನ್ನಿಸಿಲ್ಲ. ನನಗೆ ಬೇಕಾಗಿರುವುದು ನೆಲ. ಎದ್ದು ನಿಂತು, ಮೊಣಕಾಲು ಸಡಿಲ ಬಿಟ್ಟು, ಮುಂದೆ ಇಪ್ಪತ್ತು ಅಡಿಯಲ್ಲಿ ಕಲ್ಲು ಎಲ್ಲಿದೆ, ಬೇರು ಎಲ್ಲಿದೆ, ಹದ ಮಣ್ಣು ಎಲ್ಲಿ, ಸಡಿಲ ಮಣ್ಣು ಎಲ್ಲಿ ಅಂತ ನೋಡಿ ಚಕ್ರಕ್ಕೆ ದಾರಿ ಹುಡುಕುವುದು. ಅದಕ್ಕೆ 115 ಕೆಜಿ ಯಾಕೆ ಬೇಕು?

ಈಗ ಇರುವುದು 23 ಕೆಜಿ. ಬಿದ್ದರೆ ಒಂದು ಕೈಯಲ್ಲಿ ಪಕ್ಕಕ್ಕೆ ಇಡುತ್ತೇನೆ.

ಬ್ಯಾಟರಿ ಸೈಕಲ್ ಅಂದ ಕೂಡಲೇ ನೀನು ಸ್ಕೂಟರ್ ಥರ ಅಂದುಕೊಳ್ಳಬೇಡ. ಆಕ್ಸಿಲರೇಟರ್ ಇಲ್ಲವೇ ಇಲ್ಲ. ಪೆಡಲ್ ತುಳಿಯುವ ಜಾಗದಲ್ಲೇ ಮೋಟಾರ್ ಇದೆ. ನನ್ನದು ಬಾಷ್ ಕಂಪನಿಯದು, ಬೆಂಗಳೂರಿನ ಹಳಬರು ಇಂದಿಗೂ ಮೈಕೋ ಅನ್ನುತ್ತಾರಲ್ಲ, ಅದೇ. ನಾನು ಎಷ್ಟು ಜೋರಾಗಿ ತುಳಿಯುತ್ತೇನೋ ಅದನ್ನು ಅಳೆದು ಅದಕ್ಕೆ ತಕ್ಕಂತೆ ಬಲ ಸೇರಿಸುತ್ತದೆ. ತುಳಿಯುವುದು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಜಾಸ್ತಿ ಅಂದರೆ 600 ವ್ಯಾಟ್. ಅದು ಒಂದು ಹಾರ್ಸ್‌ಪವರ್ ಕೂಡ ಅಲ್ಲ. ಹಳೆ ಗಾಡಿಯಲ್ಲಿ 30 ಹಾರ್ಸ್‌ಪವರ್‌ಗೂ ಜಾಸ್ತಿ ಇತ್ತು. ಆದರೂ ಕಡಿದಾದ ಏರು ಹತ್ತುತ್ತದೆ, ಯಾಕೆಂದರೆ ಆ ಬಲ ಗೇರ್ ಮೂಲಕ ಹೋಗುತ್ತದೆ, ಹೊರುವ ಭಾರವೂ ಕಡಿಮೆ.

ಇನ್ನು ಕೈಗೆ ಬಂದ ಅಭ್ಯಾಸದ ಮಾತು. ಇದನ್ನು ಸರಿಯಾಗಿ ಕೇಳಿಸಿಕೋ, ನಿನಗೂ ಬೇಕಾಗುತ್ತದೆ. ಮೋಟಾರ್ ಬೈಕ್‌ನಲ್ಲಿ ಎಡಗೈ ಅಂದರೆ ಕ್ಲಚ್. ಇಷ್ಟು ವರ್ಷದಲ್ಲಿ ಆ ಕೈಗೆ ನಾನು ಹೇಳಬೇಕಾಗಿಯೇ ಇಲ್ಲ. ಗಾಡಿ ತಡಬಡಾಯಿಸಿತು ಅಂದರೆ ಎಡಗೈ ತಾನೇ ಲಿವರ್ ಎಳೆಯುತ್ತದೆ. ಅಮೆರಿಕದ ಸೈಕಲ್‌ನಲ್ಲಿ ಎಡಗೈ ಲಿವರ್ ಮುಂದಿನ ಚಕ್ರದ ಬ್ರೇಕು. ಎರಡನೇ ದಿನವೇ ಒಂದು ಇಳಿಜಾರು. ಕಲ್ಲಿನ ಮೆಟ್ಟಿಲಿನ ಥರ ಇದ್ದ ಕಡೆ ಹಿಂದಿನ ಚಕ್ರ ಒದ್ದಿತು, ಎಡಗೈ ಕ್ಲಚ್ ಅಂತ ಎಳೆಯಿತು. ಡಿಸ್ಕ್ ಬ್ರೇಕು, ಗಕ್ಕನೆ ಹಿಡಿಯಿತು. ನಾನು ಹ್ಯಾಂಡಲ್ ಮೇಲಿಂದ ಹಾರಿ ಮುಂದೆ ಬಿದ್ದೆ. ಎರಡೂ ಅಂಗೈ ತರಚಿತು, ಹೆಲ್ಮೆಟ್ಟಿನ ಮುಂಭಾಗಕ್ಕೆ ಮಣ್ಣು ಮೆತ್ತಿತು. ಮಾರನೇ ದಿನ ಅಂಗಡಿಗೆ ಹೋದೆ. ಹುಡುಗ ನೋಡಿದ ಕೂಡಲೇ "ಮೋಟಾರ್ ಬೈಕ್‌ನಿಂದ ಬಂದವರಾ?" ಅಂತ ಕೇಳಿದ. ಎರಡು ಬ್ರೇಕ್ ಪೈಪು ಅದಲು ಬದಲು ಮಾಡಿ, ಹೊಸ ಆಯಿಲ್ ತುಂಬಿ, ಗಾಳಿ ತೆಗೆದು ಕೊಟ್ಟ. ಈಗ ಬಲಗೈ ಮುಂದಿನ ಬ್ರೇಕು, ಮೋಟಾರ್ ಬೈಕ್ ಥರವೇ. ಎಡಗೈ ಮರೆತು ಎಳೆದರೂ ಹಿಂದಿನ ಚಕ್ರ ಜಾರುತ್ತದೆ ಅಷ್ಟೇ. ನಮ್ಮ ಊರಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈಯೇ ಮುಂದಿನದು. ಆದರೂ ಹೊರಗಿನಿಂದ ಬಂದ ಸೈಕಲ್ ತಗೊಂಡರೆ ಮೊದಲ ಕೆಲಸ, ನಿಂತಲ್ಲೇ ಒಂದೊಂದು ಲಿವರ್ ಹಿಡಿದು ಯಾವ ಚಕ್ರ ನಿಲ್ಲುತ್ತದೆ ಅಂತ ನೋಡು.

ಏರಿನಲ್ಲೂ ಮೊದಲ ತಿಂಗಳು ಕಷ್ಟವೇ ಆಯಿತು. ಡರ್ಟ್ ಬೈಕ್‌ನಲ್ಲಿ ಏರು ಕಂಡರೆ ಬಲಗೈ ತಿರುಗಿಸುವುದು, ಅಷ್ಟೇ. ಇಲ್ಲಿ ಏರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಬೇಕು. ಮಧ್ಯದಲ್ಲಿ ಜೋರಾಗಿ ತುಳಿಯುತ್ತಾ ಗೇರ್ ಬದಲಿಸಿದರೆ ಮೋಟಾರ್ ಬಲವೂ ಸೇರಿ ಚೈನು ಕಟಕಟ ಅನ್ನುತ್ತದೆ, ತುಂಡಾಗುವುದೂ ಉಂಟು. ಗೇರ್ ಒತ್ತುವ ಆ ಒಂದು ಕ್ಷಣ ಕಾಲು ಹಗುರ ಬಿಡಬೇಕು. ಕ್ಲಚ್ ಕೆಲಸ ಈಗ ಕಾಲಿನದು ಅಂದುಕೋ. ಪೆಡಲ್ ಕೆಳಗಿದ್ದಾಗ ಕಲ್ಲಿಗೆ ಬಡಿಯುತ್ತದೆ, ಅದನ್ನೂ ಲೆಕ್ಕ ಹಾಕಿ ತುಳಿಯಬೇಕು. ಉಳಿದದ್ದೆಲ್ಲ ಹಳೆಯ ವಿದ್ಯೆಯೇ. ಟೈರಿಗೆ ಗಾಳಿ ಕಡಿಮೆ ಇಡುವುದು, ನಮ್ಮ ತೂಕಕ್ಕೆ ಸಸ್ಪೆನ್ಶನ್ ಹೊಂದಿಸುವುದು, ತಿರುವಿನಲ್ಲಿ ಹೊರಗಿನ ಕಾಲಿಗೆ ಭಾರ ಹಾಕುವುದು. ಹತ್ತು ವರ್ಷ ಸೈಕಲ್ ಓಡಿಸಿದವರಿಗೂ ಬಾರದ್ದು ಡರ್ಟ್ ಬೈಕ್‌ನವರಿಗೆ ಇಳಿಜಾರಿನಲ್ಲಿ ಮೊದಲ ದಿನವೇ ಬರುತ್ತದೆ.

ಬ್ಯಾಟರಿ ನನ್ನದು 625 ವ್ಯಾಟ್-ಅವರ್. ಒಂದು ಸಲ ಪೂರ್ತಿ ಚಾರ್ಜ್ ಮಾಡಲು ಒಂದು ಯೂನಿಟ್ ಕರೆಂಟೂ ಬೇಡ. ಪೂರ್ತಿ ಬಲದಲ್ಲಿ ಬೆಟ್ಟ ಹತ್ತಿದರೆ 25-30 ಕಿಲೋಮೀಟರಿಗೆ ಖಾಲಿ. ಕಾಲಿಗೆ ಕೆಲಸ ಕೊಟ್ಟು ಕಡಿಮೆ ಬಲದಲ್ಲಿ ಹೋದರೆ ಅದರ ಎರಡರಷ್ಟು. ಎಂಜಿನ್ ಆಯಿಲ್ ಇಲ್ಲ, ಪ್ರತಿ ಸಲ ಧೂಳು ಹಿಡಿದ ಏರ್ ಫಿಲ್ಟರ್ ಬಿಚ್ಚಿ ತೊಳೆದು ಎಣ್ಣೆ ಹಚ್ಚುವ ಕೆಲಸ ಇಲ್ಲ. ಅದರ ಬದಲು ಚೈನು ಮತ್ತು ಬ್ರೇಕ್ ಪ್ಯಾಡ್ ಬೇಗ ಸವೆಯುತ್ತವೆ.

ಕಾಯ್ದೆ ವಿಷಯ ನನಗೇ ಆಶ್ಚರ್ಯ ಆಯಿತು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನ್ನದು ಕ್ಲಾಸ್ 1. ಅಂದರೆ ತುಳಿದರೆ ಮಾತ್ರ ಮೋಟಾರ್, ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್ ಮುಟ್ಟಿದರೆ ಬಂದ್. ರಸ್ತೆಯಲ್ಲಿ ಅದು ಸೈಕಲ್. ಆದರೆ ರಾಷ್ಟ್ರೀಯ ಅರಣ್ಯದವರ ಲೆಕ್ಕದಲ್ಲಿ ಅದೂ ಮೋಟಾರ್ ಗಾಡಿಯೇ. ಸೈಕಲ್ ಮಾತ್ರ ಬಿಡುವ ಎಷ್ಟೋ ದಾರಿಗೆ ನನಗೆ ಪ್ರವೇಶ ಇಲ್ಲ, ಡರ್ಟ್ ಬೈಕ್ ದಾರಿಗಳು ತೆರೆದಿವೆ. ಹಾಗಾಗಿ ನಾನು ಹೋಗುವುದು ಅದೇ ಹಳೆಯ ಫಾರೆಸ್ಟ್‌ಹಿಲ್ ದಾರಿಗಳಿಗೆ! ಹೋದ ವರ್ಷ ಯೂಟಾದ ಮೋಆಬ್‌ಗೆ ಹೋಗಿದ್ದೆವಲ್ಲ, ಬಂಡೆ ಮೇಲಿನ ಫೋಟೋ ಕಳಿಸಿದ್ದೆ. ಸ್ಲಿಕ್‌ರಾಕ್ ಅಂತ ಆ ದಾರಿ. ಪ್ರಪಂಚದ ಸೈಕಲ್‌ನವರೆಲ್ಲ ಹೋಗುವ ಜಾಗ. ಅದನ್ನು 1969ರಲ್ಲಿ ಮೊದಲು ಗುರುತು ಹಾಕಿದ್ದು ಮೋಟಾರ್ ಸೈಕಲ್‌ಗಳಿಗೆ. ಇಂದಿಗೂ ಮೋಟಾರ್ ಬಿಡುತ್ತಾರೆ, ಅದಕ್ಕೇ ನನ್ನ ಸೈಕಲ್‌ಗೂ ಅಲ್ಲಿ ಜಾಗ ಸಿಕ್ಕಿತು.

ಹಳೆ ದಾರಿಯಲ್ಲೇ ಹೋದರೂ ಕಿವಿಗೆ ಬೀಳುವುದು ಬೇರೆ. ಮೊದಲೆಲ್ಲ ಹೆಲ್ಮೆಟ್ ಒಳಗೆ ಎಂಜಿನ್ ಸದ್ದು ಬಿಟ್ಟು ಏನೂ ಇರಲಿಲ್ಲ. ಕಾಯ್ದೆ ಪ್ರಕಾರವೇ 96 ಡೆಸಿಬಲ್‌ವರೆಗೆ ಬಿಡುತ್ತಾರೆ. ಜುಲೈನಲ್ಲಿ ಒಂದು ಬೆಳಿಗ್ಗೆ ಏರಿನಲ್ಲಿ ನಿಧಾನ ಹೋಗುತ್ತಿದ್ದೆ. ಒಣ ಬೀಜ ತುಂಬಿದ ಕಾಯಿ ಅಲ್ಲಾಡಿಸಿದ ಹಾಗೆ ಸದ್ದು. ನಿಂತೆ. ದಾರಿ ಅಂಚಿನ ಕಲ್ಲಿನ ಮೇಲೆ ರ್‍ಯಾಟಲ್ ಹಾವು, ಸುರುಳಿ ಸುತ್ತಿ ಬಾಲ ಎತ್ತಿತ್ತು. ಎರಡು ಮಾರು ದೂರ. ಅದು ಇಳಿದು ಪೊದೆಗೆ ಹೋಗುವವರೆಗೂ ನಿಂತಿದ್ದೆ. ಏಳು ವರ್ಷ ಅದೇ ದಾರಿಯಲ್ಲಿ ಎಷ್ಟು ಹಾವು ನನಗೆ ಎಚ್ಚರಿಕೆ ಕೊಟ್ಟಿದ್ದವೋ, ನಾನು ಕೇಳಿಸಿಕೊಂಡಿರಲಿಲ್ಲ.

ಬೇಜಾರು ಆಗಲ್ವಾ ಅಂದರೆ, ಆಗುತ್ತದೆ. ಗೆಳೆಯರು ಇನ್ನೂ ಡರ್ಟ್ ಬೈಕ್‌ನಲ್ಲೇ ಇದ್ದಾರೆ. ಬೆಳಿಗ್ಗೆ ಒಟ್ಟಿಗೆ ಇಡ್ಲಿ ತಿಂದು ಹೊರಡುತ್ತೇವೆ, ಐದು ನಿಮಿಷಕ್ಕೆ ಅವರು ಮುಂದೆ, ಧೂಳು ಮಾತ್ರ ನನಗೆ. ಅವರು ಒಂದು ದಿನಕ್ಕೆ ಸುತ್ತುವಷ್ಟು ನನ್ನಿಂದ ಆಗುವುದಿಲ್ಲ. ಬಲಗೈ ತಿರುಗಿಸಿದ ಕೂಡಲೇ ಮುಂದಿನ ಚಕ್ರ ಹಗುರ ಆಗುವ ಆ ಸುಖ ಇದರಲ್ಲಿ ಇಲ್ಲ. ಬೆಲೆಯೂ ಕಡಿಮೆ ಅಲ್ಲ, ಒಳ್ಳೆಯದಕ್ಕೆ ಇಲ್ಲಿ 5000 ಡಾಲರ್ ಮೇಲೆಯೇ.

ಈಗ ನಿನ್ನ ವಿಷಯ. ಎಕ್ಸ್‌ಪಲ್ಸ್ ಮಾರಬೇಡ. ನನ್ನ ಡರ್ಟ್ ಬೈಕ್ ಆಟದ ಗಾಡಿ, ರಸ್ತೆಗೆ ಇಳಿಸುವ ಹಾಗೆಯೇ ಇರಲಿಲ್ಲ. ನಿನ್ನದು ಮನೆಯ ಗಾಡಿ. ಸಕಲೇಶಪುರಕ್ಕೆ ಹೋಗಿ ಗ್ಯಾಸ್ ತರುವುದು, ಹಾಸನಕ್ಕೆ ಅಕ್ಕನನ್ನು ಕರೆದುಕೊಂಡು ಹೋಗುವುದು ಯಾವ ಸೈಕಲ್‌ನಲ್ಲೂ ಆಗುವುದಿಲ್ಲ. ತೋಟ ಸುತ್ತಲು, ಭಾನುವಾರ ಗುಡ್ಡ ಹತ್ತಲು ಇನ್ನೊಂದು ಬೇಕು ಅನ್ನಿಸಿದರೆ ಆಗ ನೋಡೋಣ. ನಮ್ಮ ದೇಶದಲ್ಲಿ 250 ವ್ಯಾಟ್ ಒಳಗಿನ ಮೋಟಾರ್, 25 ಕಿಲೋಮೀಟರ್ ವೇಗದ ಒಳಗಿದ್ದರೆ ಲೈಸೆನ್ಸು, ನಂಬರ್ ಪ್ಲೇಟು ಬೇಡ. ಸೈಕಲ್‌ಗೆ 1000 ವ್ಯಾಟ್ ಮೋಟಾರ್ ಕಿಟ್ ಹಾಕಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡ, ಅದು ಕಾಯ್ದೆ ಪ್ರಕಾರವೂ ಸೈಕಲ್ ಅಲ್ಲ, ಸೈಕಲ್‌ನ ಫ್ರೇಮು, ಬ್ರೇಕು ಆ ಬಲ ತಡೆಯುವುದೂ ಇಲ್ಲ. ಮೋಟಾರ್ ಚಕ್ರದ ಮಧ್ಯ ಇರುವುದು ಅಗ್ಗ, ಆದರೆ ಅದಕ್ಕೆ ಗೇರಿನ ಸಹಾಯ ಸಿಗುವುದಿಲ್ಲ. ನಮ್ಮ ತೋಟದ ಏರಿನಲ್ಲಿ ನಿಧಾನಕ್ಕೆ ಎಳೆದು ಎಳೆದು ಬಿಸಿ ಆಗುತ್ತದೆ. ಮಳೆಗಾಲದಲ್ಲಿ ಪ್ರೆಶರ್ ಪೈಪಿನಿಂದ ತೊಳೆಯಲೇಬಾರದು, ಬಕೆಟ್ ನೀರು, ಬಟ್ಟೆ ಸಾಕು.

ಎಲ್ಲಕ್ಕಿಂತ ದೊಡ್ಡದು ಆನೆ. ಸದ್ದಿಲ್ಲದ ಗಾಡಿ ಅಂತ ನಾನು ಇಲ್ಲಿ ಖುಷಿ ಪಡುತ್ತೇನೆ, ಅಲ್ಲಿ ಅದೇ ಅಪಾಯ. ಬೈಕ್ ಸದ್ದು ದೂರದಿಂದಲೇ ಆನೆಗೆ ಕೇಳಿಸುತ್ತದೆ. ಸೈಕಲ್‌ನಲ್ಲಿ ತಿರುವು ತಿರುಗಿದ ಮೇಲೆಯೇ ನಿನಗೂ ಗೊತ್ತಾಗುವುದು, ಅದಕ್ಕೂ ಗೊತ್ತಾಗುವುದು. ಕಾಫಿ ಗಿಡದ ನಡುವೆ ಹತ್ತು ಅಡಿ ಆಚೆ ನಿಂತಿದ್ದರೂ ಕಾಣುವುದಿಲ್ಲ ಅಂತ ನಿನಗೆ ನಾನು ಹೇಳಬೇಕಾ. ಬೆಳಗ್ಗೆ ಮಂಜಿನಲ್ಲಿ, ಸಂಜೆ ಕತ್ತಲಾಗುವಾಗ ಬೇಡವೇ ಬೇಡ. ಆನೆ ಎಲ್ಲಿದೆ ಅಂತ ಗ್ರೂಪಿಗೆ ಬರುವ ಮೆಸೇಜ್ ನೋಡಿಯೇ ಹೊರಡು. ಒಬ್ಬನೇ ಹೋಗಬೇಡ. ನಾನು ಕಾಲು ಸಿಕ್ಕಿಸಿಕೊಂಡು ಮಲಗಿದ್ದಾಗ ಗೆಳೆಯರು ವಾಪಸ್ ಬಂದರು, ನಿನ್ನ ಹಿಂದೆಯೂ ಯಾರಾದರೂ ಇರಬೇಕು.

ಸದ್ಯಕ್ಕೆ ಒಂದು ಕೆಲಸ ಮಾಡು. ಕೊಟ್ಟಿಗೆಯಲ್ಲಿ ನಿನ್ನ ಹಳೆ ಗೇರ್ ಸೈಕಲ್ ಇದೆಯಲ್ಲ, ಅದಕ್ಕೆ ಗಾಳಿ ಹೊಡೆಸಿ, ಬ್ರೇಕ್ ನೋಡಿಸು. ಮಧ್ಯಾಹ್ನ ಹೊತ್ತಿನಲ್ಲಿ ಗೇಟಿನಿಂದ ಕಾಫಿ ಕಣದವರೆಗೆ, ಅಲ್ಲಿಂದ ಮೇಲಿನ ಕೆರೆಯವರೆಗೆ ತುಳಿದು ಹತ್ತಿ ನೋಡು. ಎಲ್ಲೆಲ್ಲಿ ಇಳಿದು ತಳ್ಳಬೇಕಾಯಿತೋ ಅಲ್ಲಲ್ಲಿ ನಿಂತು ಫೋಟೋ ತೆಗೆದು ಇಲ್ಲೇ ಹಾಕು. ಅದನ್ನು ನೋಡಿ ಎಂಥ ಮೋಟಾರ್, ಎಷ್ಟು ಬ್ಯಾಟರಿ ಬೇಕು ಅಂತ ನಾನು ಹೇಳುತ್ತೇನೆ.