ಪದಚರ್ಚೆ: ‘ಮಿನಿಮಲ್’ ಕಲೆ ಕನಿಷ್ಠವೋ, ಮಿತವೋ?

ಬೆಂಗಳೂರಿನ ತಾರಾ ಹೋಟೆಲೊಂದರ ಗ್ಯಾಲರಿಯಲ್ಲಿ ಕೆಲವು ಕಲಾವಿದರು ಸೇರಿ ಸಮೂಹ ಪ್ರದರ್ಶನ ನಡೆಸುವವರಿದ್ದಾರೆ. ಅದರ ಆಹ್ವಾನಪತ್ರಿಕೆ ಮತ್ತು ಗೋಡೆಫಲಕಗಳ ಕನ್ನಡವನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಂಗ್ಲಿಷಿನಲ್ಲಿ ‘ಅಬ್‌ಸ್ಟ್ರಾಕ್ಟ್’, ‘ಮಿನಿಮಲಿಸ್ಟ್’ ಎಂಬ ಎರಡು ವಿಶೇಷಣಗಳು ಜೋಡೆತ್ತುಗಳ ಹಾಗೆ ಎಲ್ಲೆಡೆ ಒಟ್ಟಿಗೇ ಬರುತ್ತವೆ. ಮೊದಲನೆಯದು ವಸ್ತುಗಳ ಆಕಾರವನ್ನು ಇದ್ದಂತೆ ತೋರಿಸದ ಕಲೆಗೆ, ಎರಡನೆಯದು ಆಕಾರ, ಬಣ್ಣಗಳನ್ನು ತೀರಾ ಕಡಿಮೆ ಬಳಸುವ ಕಲೆಗೆ. ಕರಡಿನಲ್ಲಿ ಅವು ‘ಅಮೂರ್ತ’, ‘ಕನಿಷ್ಠತಾವಾದಿ’ ಎಂದಾಗಿವೆ. ಮೊದಲನೆಯದರ ಬಗ್ಗೆ ಸಣ್ಣ ತಕರಾರಿದೆ. ಎರಡನೆಯದನ್ನು ಬದಲಿಸಬೇಕೆಂದು ನನ್ನ ಅನಿಸಿಕೆ. ಬಲ್ಲವರ ಅಭಿಪ್ರಾಯ ಬೇಕು.

‘ಅಮೂರ್ತ’ ನಮ್ಮ ಕಲಾವಿಮರ್ಶೆಯಲ್ಲಿ ಬೇರೂರಿರುವ ಪದ. ಮರಾಠಿ, ಹಿಂದಿಗಳಲ್ಲೂ ಇದೇ ಪದ ನಡೆಯುತ್ತದೆ. ಆದರೆ ಇದು ಇಂಗ್ಲಿಷ್ ಪದಕ್ಕೆ ಸರಿಸಮವಲ್ಲ. ಅಲ್ಲಿನ ಧಾತುವಿಗೆ ‘ಒಂದರಿಂದ ಸೆಳೆದು ತೆಗೆ’ ಎಂಬ ಅರ್ಥವಿದೆ. ಅಂದರೆ ಮೊದಲು ಒಂದು ವಸ್ತು ಇರಲೇಬೇಕು. ಡಚ್ ಚಿತ್ರಕಾರ ಮಾಂಡ್ರಿಯನ್ ಮರವನ್ನು ಬರೆಯುತ್ತ, ಮತ್ತೆ ಮತ್ತೆ ಬರೆಯುತ್ತ, ಕೊನೆಗೆ ಬರಿಯ ಗೆರೆಗಳನ್ನು ಉಳಿಸಿಕೊಂಡದ್ದು ಈ ಅರ್ಥಕ್ಕೆ ಒಳ್ಳೆಯ ನಿದರ್ಶನ. ವಾಸುದೇವ ಗಾಯ್ತೊಂಡೆ (1924–2001) ತಮ್ಮ ಚಿತ್ರಗಳನ್ನು ‘ಅಬ್‌ಸ್ಟ್ರಾಕ್ಟ್’ ಎನ್ನಲು ಒಪ್ಪದೆ ‘ನಾನ್-ಆಬ್ಜೆಕ್ಟಿವ್’ (ವಸ್ತುವಿಲ್ಲದ್ದು) ಎನ್ನುತ್ತಿದ್ದುದು ಇದೇ ಕಾರಣಕ್ಕೆ ಇರಬೇಕು. ರೋಲರಿನಿಂದ ಬಣ್ಣದ ಪದರಗಳನ್ನು ಹಾಸಿ, ಅಲ್ಲಲ್ಲಿ ಕೆರೆದು ಮಾಡಿದ ಅವರ ಚಿತ್ರಗಳಲ್ಲಿ ಕಳೆದು ಉಳಿಸಿಕೊಳ್ಳಲು ಮರವೂ ಇಲ್ಲ, ಮನುಷ್ಯನೂ ಇಲ್ಲ. ವಿಚಿತ್ರವೆಂದರೆ, ‘ಸೆಳೆದು ತೆಗೆದದ್ದು’ ಎಂಬ ಹೊರೆಯಿಲ್ಲದ ನಮ್ಮ ‘ಅಮೂರ್ತ’ವೇ ಅವರಿಗೆ ಹೆಚ್ಚು ಹೊಂದುತ್ತದೆ. ಅದು ‘ಮೂರ್ತಿಯಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ತೊಡಕು ಇರುವುದು ಮಿನಿಮಲ್ ಶಿಲ್ಪಗಳ ಹತ್ತಿರ ಬಂದಾಗ. ಅಮೆರಿಕದ ಕಾರ್ಲ್ ಆಂದ್ರೆ 1966ರಲ್ಲಿ 120 ಇಟ್ಟಿಗೆಗಳನ್ನು ಎರಡು ಪದರವಾಗಿ ನೆಲದ ಮೇಲೆ ಆಯತಾಕಾರದಲ್ಲಿ ಜೋಡಿಸಿದರು. ಲಂಡನ್ನಿನ ಟೇಟ್ ಸಂಗ್ರಹಾಲಯ 1972ರಲ್ಲಿ ಅದನ್ನು ಕೊಂಡುಕೊಂಡಿತು. 1976ರಲ್ಲಿ ಬ್ರಿಟಿಷ್ ಪತ್ರಿಕೆಗಳು ಸಾರ್ವಜನಿಕರ ಹಣ ಇಟ್ಟಿಗೆಗೆ ಹೋಯಿತೆಂದು ಗುಲ್ಲೆಬ್ಬಿಸಿದವು. ಎಡವಿದರೆ ಹೆಬ್ಬೆರಳು ಕಿತ್ತುಹೋಗುವ ಇಟ್ಟಿಗೆಯನ್ನು ಅಮೂರ್ತ ಎನ್ನುವುದು ಹೇಗೆ? ಅದಕ್ಕಿಂತ ಮೂರ್ತವಾದದ್ದು ಆ ಕೋಣೆಯಲ್ಲಿ ಇನ್ನೊಂದಿಲ್ಲ. ನಮ್ಮ ಪ್ರದರ್ಶನದಲ್ಲೂ ಉಕ್ಕಿನ ತಗಡಿನ ಎರಡು ಕೃತಿಗಳಿವೆ. ಹಾಗಾಗಿ ‘ಅಮೂರ್ತ, ಮಿನಿಮಲ್ ಕಲೆ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಬದಲು ನಡುವೆ ‘ಮತ್ತು’ ಸೇರಿಸಿ ಬೇರ್ಪಡಿಸಬೇಕು ಎಂಬುದು ನನ್ನ ಮೊದಲ ಸಲಹೆ.

ಇನ್ನು ‘ಕನಿಷ್ಠ’. ಕನ್ನಡದಲ್ಲಿ ಈ ಪದ ಕನಿಷ್ಠ ವೇತನ, ಕನಿಷ್ಠ ತಾಪಮಾನ, ‘ಕನಿಷ್ಠ ಪಕ್ಷ ಒಂದು ಮಾತಾದರೂ ಹೇಳಬೇಕಿತ್ತು’ ಎಂಬಲ್ಲೆಲ್ಲ ಓಡಾಡುತ್ತದೆ. ಇದಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂಬ ಧ್ವನಿ ಇದರಲ್ಲಿದೆ, ಜೊತೆಗೆ ಕೀಳೆಂಬ ಛಾಯೆಯೂ ಅಂಟಿಕೊಂಡಿದೆ. ‘ಕನಿಷ್ಠತಾವಾದಿ ಕಲಾವಿದ’ ಎಂದು ಓದಿದವರಿಗೆ ಸಂಬಳ ಕಡಿಮೆ ಕೇಳುವವನೊಬ್ಬ ಕಣ್ಣೆದುರು ಬಂದರೆ ತಪ್ಪು ಅವರದಲ್ಲ. ಮೂಲಕ್ಕೆ ಇದೇ ನಿಷ್ಠ ಅನುವಾದ ಎಂಬ ವಾದವಿದೆ, ಅದನ್ನು ತಳ್ಳಿಹಾಕಲಾರೆ. ತತ್ತ್ವಶಾಸ್ತ್ರಜ್ಞ ರಿಚರ್ಡ್ ವೋಲ್ಹೈಮ್ 1965ರ ಲೇಖನದಲ್ಲಿ ‘ಮಿನಿಮಲ್ ಆರ್ಟ್’ ಎಂದಾಗ ಕಲಾಂಶವೇ ತೀರಾ ಕಡಿಮೆಯಾಗಿ ಕಾಣುವ ಕೃತಿಗಳನ್ನು ಕುರಿತು ಹೇಳುತ್ತಿದ್ದರು. ಆದರೆ ಆ ಹಣೆಪಟ್ಟಿ ಮುಂದೆ ಯಾರಿಗೆ ಅಂಟಿತೋ ಅವರಿಗೆ, ಮುಖ್ಯವಾಗಿ ಅಮೆರಿಕದ ಶಿಲ್ಪಿ ಡೊನಾಲ್ಡ್ ಜಡ್‌ಗೆ, ಅದು ಎಂದೂ ಹಿಡಿಸಲಿಲ್ಲ. ಅವರೇ ಬೇಡವೆಂದ ಕೊರತೆಯ ಅರ್ಥವನ್ನು ನಾವು ಕನ್ನಡಕ್ಕೆ ಹೊತ್ತು ತರಬೇಕೇ? ‘ವಾದ’ ಎಂಬ ಬಾಲವೂ ಇಲ್ಲಿ ಅನವಶ್ಯಕ. ಈ ಕಲಾವಿದರು ಯಾರೊಂದಿಗೂ ವಾದಕ್ಕೆ ನಿಂತಿಲ್ಲ.

ನನ್ನ ಒಲವು ‘ಮಿತ’ದ ಕಡೆಗೆ: ಮಿತಕಲೆ, ಮಿತರೂಪದ ಕೃತಿ. ಮಿತ ಎಂದರೆ ಮೂಲದಲ್ಲಿ ಅಳೆದದ್ದು. ಮಿತಭಾಷಿಗೆ ಮಾತಿನ ಬಡತನವಿಲ್ಲ, ಅವನು ಅಳೆದು ಆಡುತ್ತಾನೆ. ನಸ್ರೀನ್ ಮೊಹಮ್ಮದಿ (1937–1990) ಬರೋಡಾದಲ್ಲಿ ಪಾಠ ಹೇಳುತ್ತ, ಸಣ್ಣ ಕಾಗದಗಳ ಮೇಲೆ ಶಾಯಿ ಮತ್ತು ಪೆನ್ಸಿಲಿನಿಂದ ಎಳೆದ ಗೆರೆಗಳು ಅಕ್ಷರಶಃ ಅಳತೆಯ ಕೆಲಸ. ಅಲ್ಲಿ ಎರಡು ಗೆರೆಗಳ ನಡುವಿನ ಅಂತರ ಕೂದಲೆಳೆಯಷ್ಟು ಬದಲಾದರೂ ಹಾಳೆಯೇ ವಾಲಿದಂತೆ ಕಾಣುತ್ತದೆ. ಇದನ್ನು ‘ಕನಿಷ್ಠ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

‘ಮಿತ’ ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಅಮೂರ್ತಕ್ಕೂ ಅದಕ್ಕೂ ಅನಿವಾರ್ಯ ನಂಟಿಲ್ಲ ಎಂಬುದನ್ನು ಕಾಣಿಸುತ್ತದೆ. ಉಡುಪಿ ಸೀಮೆಯ ಕಟ್ಟಿಂಗೇರಿಯವರಾದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೆನೆಯಿರಿ. ಕೆಲವೇ ಗೆರೆಗಳಲ್ಲಿ ನರ್ತಕಿ ಎದ್ದು ನಿಲ್ಲುತ್ತಾಳೆ. ಅದು ಮಿತ, ಆದರೆ ಪೂರ್ಣ ಮೂರ್ತ. ಜಾಕ್ಸನ್ ಪೊಲಾಕ್ ನೆಲಕ್ಕೆ ಹಾಸಿದ ಕ್ಯಾನ್ವಾಸಿನ ಮೇಲೆ ಬಣ್ಣ ಸುರಿದು ಮಾಡಿದ್ದು ಅಮೂರ್ತ, ಆದರೆ ಮಿತದ ಸುಳಿವೂ ಅದರಲ್ಲಿಲ್ಲ. ನಸ್ರೀನ್ ಎರಡೂ ಹೌದು. ‘ಮಾಡರ್ನ್ ಆರ್ಟ್’ ಎಂಬ ಒಂದೇ ಗೋಣಿಗೆ ಇವರೆಲ್ಲರನ್ನೂ ತುಂಬುವ ನಮ್ಮ ರೂಢಿಗೆ ಈ ಎರಡು ಪದಗಳು ಸ್ವಲ್ಪವಾದರೂ ತಡೆ ಹಾಕಬಹುದು.

ಕರಡಿನಲ್ಲಿ ‘ಶೂನ್ಯ’, ‘ಬಯಲು’, ‘ನಿರಾಕಾರ’ಗಳೂ ಧಾರಾಳವಾಗಿವೆ. ಖಾಲಿ ಜಾಗ ಕಂಡ ಕೂಡಲೇ ಅಲ್ಲಮನನ್ನು ಕರೆಯುವ ಚಾಳಿ ನಮ್ಮದು. ಗಾಯ್ತೊಂಡೆಯವರಿಗೆ ಬೌದ್ಧ ಪಂಥವಾದ ಝೆನ್‌ನಲ್ಲಿ ಆಸಕ್ತಿಯಿತ್ತು, ಅವರ ಮಟ್ಟಿಗೆ ಇದು ನಡೆದೀತು. ಜಡ್ ಮಾಡಿದ ಲೋಹದ ಪೆಟ್ಟಿಗೆಯಲ್ಲಿ ಬಯಲನ್ನು ಹುಡುಕುವುದು ವಚನಕಾರರಿಗೂ ಅನ್ಯಾಯ, ಪೆಟ್ಟಿಗೆಗೂ ಅನ್ಯಾಯ. ಕಲಾವಿದರೇ ಬಯಸದ ಹೊರತು ಇವನ್ನು ತೆಗೆದುಹಾಕುತ್ತೇನೆ.

ಉಳಿದವು ಚಿಲ್ಲರೆ. ಹೆಸರಿಡದ ಕೃತಿಗಳಿಗೆ ‘ಅನಾಮಧೇಯ’ ಎಂದು ಹಾಕಿದ್ದಾರೆ. ಅದು ದೂರು ಪತ್ರಗಳಿಗೆ ಮೀಸಲಾದ ಪದ, ಅಲ್ಲಿ ಬರೆದವರ ಹೆಸರಿರುವುದಿಲ್ಲ. ಇಲ್ಲಿ ಬರೆದವರ ಹೆಸರಿದೆ, ಚಿತ್ರಕ್ಕೆ ಮಾತ್ರ ಇಲ್ಲ. ‘ಶೀರ್ಷಿಕೆರಹಿತ’ ಸರಿಯೇ, ಆದರೆ ಸಾಲಾಗಿ ಬಂದಾಗ ಸರ್ಕಾರಿ ಕಡತದಂತೆ ಕೇಳುತ್ತದೆ. ‘ಹೆಸರಿಟ್ಟಿಲ್ಲ’ ಎಂದರೆ ಹೇಗೆ? ಹೆಸರಿಡದಿರುವುದು ಕಲಾವಿದರ ತೀರ್ಮಾನ ಎಂಬುದೂ ಅದರಲ್ಲಿ ಬರುತ್ತದೆ.

‘ಹೋಟೆಲ್ ಗ್ಯಾಲರಿ’ ಎಂಬುದೂ ನಮ್ಮವರಿಗೆ ಚೂರು ತಮಾಷೆ. ಹೋಟೆಲ್ ಎಂದರೆ ನಮಗೆ ಮೊದಲು ಇಡ್ಲಿ ವಡೆ, ಆಮೇಲೆ ಕೋಣೆ. ಮುಂಬೈಯವರಿಗೆ ಈ ಗೊಂದಲವಿಲ್ಲ. ಅಲ್ಲಿ ತಾಜ್ ಮಹಲ್ ಹೋಟೆಲಿನ ಆರ್ಟ್ ಗ್ಯಾಲರಿ ಕಲಾಪ್ರಿಯರಿಗೆ ಪರಿಚಿತ. ಕ್ರಿಸ್ಟೀಸ್ ಸಂಸ್ಥೆ ಭಾರತದಲ್ಲಿನ ತನ್ನ ಮೊದಲ ಹರಾಜನ್ನು ನಡೆಸಿದ್ದೂ ಅದೇ ಹೋಟೆಲಿನಲ್ಲಿ. 2013ರ ಡಿಸೆಂಬರಿನ ಆ ಹರಾಜಿನಲ್ಲಿ ಗಾಯ್ತೊಂಡೆಯವರ 1979ರ ಚಿತ್ರವೊಂದು 23.7 ಕೋಟಿ ರೂಪಾಯಿಗೆ ಹೋಯಿತು. ಅದಕ್ಕೂ ಹೆಸರಿರಲಿಲ್ಲ.

ಹಾಗಾದರೆ ಪ್ರಶ್ನೆಗಳು ಇಷ್ಟು. ‘ಮಿತಕಲೆ’ ಎಂಬುದನ್ನು ಈ ಅರ್ಥದಲ್ಲಿ ಯಾರಾದರೂ ಮೊದಲೇ ಬಳಸಿದ್ದಾರೆಯೇ? ಸಂಗೀತ, ವಾಸ್ತುಶಿಲ್ಪಗಳ ಬಗ್ಗೆ ಬರೆಯುವವರು ‘ಮಿನಿಮಲ್’ಗೆ ಏನನ್ನುತ್ತಾರೆ? ‘ಮಿನಿಮಲ್’ ಎಂದೇ ಕನ್ನಡ ಲಿಪಿಯಲ್ಲಿ ಬಿಟ್ಟರೆ ಸಾಕು ಎನ್ನುವವರಿದ್ದರೆ ಅವರ ಕಾರಣವನ್ನೂ ತಿಳಿಯಬೇಕು. ‘ಗ್ಯಾಲರಿ’ಯನ್ನು ನಾನೇ ಹಾಗೆ ಬಿಟ್ಟಿದ್ದೇನೆ. ಫಲಕಗಳು ಇನ್ನೂ ಅಚ್ಚಿಗೆ ಹೋಗಿಲ್ಲ.